ಬೆರೆತ ಪ್ಲಾಸ್ಟಿಕ್ಕುಗಳ ಬಲ ಮತ್ತು ಹರಿವು

ಕನ್ನಡದಲ್ಲಿ 'ಕಲಬೆರಕೆ' ಎಂಬುದು ನಿಂದೆಯ ಮಾತು. ಹಾಲಿಗೆ ನೀರು ಬೆರೆತಾಗ, ಅಕ್ಕಿಗೆ ಕಲ್ಲು ಬೆರೆತಾಗ ಆ ಮಾತು ಜನರ ಬಾಯಲ್ಲಿ ಬರುತ್ತದೆ. ಆದರೆ ಬೆರಕೆಯೆಲ್ಲವೂ ಕೇಡಲ್ಲ. ತಾಮ್ರವು ಮೆದುವಾದ ಲೋಹ. ತವರವು ಅದಕ್ಕಿಂತಲೂ ಮೆದು. ಇವೆರಡನ್ನೂ ತಕ್ಕ ಪ್ರಮಾಣದಲ್ಲಿ ಕೂಡಿಸಿ ಎರಕ ಹೊಯ್ದರೆ ಎರಡಕ್ಕಿಂತಲೂ ಗಡುಸಾದ ಕಂಚು ದೊರೆಯುತ್ತದೆ. ಮಣ್ಣಿನ ಗೋಡೆ ಕಟ್ಟುವವನು ಕೆಸರಿಗೆ ಹುಲ್ಲು ತುಳಿಸುವುದು ಗೋಡೆ ಬಿರುಕು ಬಿಡಬಾರದೆಂಬ ಉದ್ದೇಶದಿಂದ. ಒಂದರ ಕೊರತೆಯನ್ನು ಇನ್ನೊಂದರ ಗುಣದಿಂದ ತುಂಬುವ ಈ ವಿವೇಕವು ಮಾನವನಷ್ಟೇ ಹಳೆಯದು.

ಪ್ಲಾಸ್ಟಿಕ್ಕುಗಳ ವಿಷಯದಲ್ಲಿಯೂ ಇದೇ ಆಸೆ ಸಹಜವಾಗಿ ಹುಟ್ಟುತ್ತದೆ. ಒಂದು ಪ್ಲಾಸ್ಟಿಕ್ಕು ಗಡುಸು, ಆದರೆ ಪೆಡಸು. ಇನ್ನೊಂದು ಮೆದು, ಆದರೆ ಹರಿಯದು. ಒಂದು ಶಾಖವನ್ನು ತಾಳುತ್ತದೆ, ಆದರೆ ಅಚ್ಚಿನೊಳಗೆ ಇಳಿಯದು. ಇನ್ನೊಂದು ನೀರಿನಂತೆ ಇಳಿಯುತ್ತದೆ, ಆದರೆ ಬಿಸಿನೀರು ತಾಕಿದರೆ ಸೊಟ್ಟಗಾಗುತ್ತದೆ. ಎರಡನ್ನೂ ಕರಗಿಸಿ ಬೆರೆಸಿದರೆ ಎರಡರ ಒಳ್ಳೆಯ ಗುಣಗಳೂ ಒಂದೆಡೆ ಸೇರಲಾರವೆ? ಸೇರುವುದುಂಟು, ಆದರೆ ಅದು ತಾನಾಗಿ ಆಗುವ ಕೆಲಸವಲ್ಲ. ಕೈಗೆ ಸಿಕ್ಕ ಎರಡು ಪ್ಲಾಸ್ಟಿಕ್ಕುಗಳನ್ನು ಸುಮ್ಮನೆ ಕರಗಿಸಿ ಬೆರೆಸಿದರೆ ಬಹುತೇಕ ಸಂದರ್ಭಗಳಲ್ಲಿ ಎರಡಕ್ಕಿಂತಲೂ ದುರ್ಬಲವಾದ ವಸ್ತುವೇ ಕೈಗೆ ಬರುತ್ತದೆ. ಇದಕ್ಕೆ ಕಾರಣವೇನು, ಇದನ್ನು ಮೀರುವ ದಾರಿ ಯಾವುದು ಎಂಬುದೇ ಪ್ರಸ್ತುತ ಲೇಖನದ ವಿಷಯ.

ದೀರ್ಘ ಸರಪಳಿಗಳು

ಪ್ಲಾಸ್ಟಿಕ್ಕಿನ ಅಣುವು ಉದ್ದವಾದ ಸರಪಳಿ. ಎಥಿಲೀನ್ ಎಂಬ ಅನಿಲದ ಸಾವಿರಾರು ಅಣುಗಳು ಒಂದರ ಕೈ ಒಂದು ಹಿಡಿದು ನಿಂತರೆ ಪಾಲಿಎಥಿಲೀನ್. ಸ್ಟೈರೀನ್ ಎಂಬ ದ್ರವದ ಅಣುಗಳು ಹಾಗೆಯೇ ಜೋಡಣೆಗೊಂಡರೆ ಪಾಲಿಸ್ಟೈರೀನ್. ಇಂಥ ಸರಪಳಿ ಅಣುಗಳನ್ನು ಪಾಲಿಮರ್ ಎನ್ನುತ್ತಾರೆ. ಇವು ಚಿಕ್ಕ ಅಣುಗಳ ಸಡಿಲವಾದ ಗುಂಪಲ್ಲ, ನಿಜವಾಗಿಯೂ ಕೊಂಡಿಗೂಡಿದ ದೈತ್ಯಾಣುಗಳು ಎಂದು ಜರ್ಮನಿಯ ರಸಾಯನವಿಜ್ಞಾನಿ ಹರ್ಮನ್ ಸ್ಟೌಡಿಂಗರ್ 1920ರಲ್ಲಿ ಪ್ರತಿಪಾದಿಸಿದಾಗ ಅನೇಕ ವಿದ್ವಾಂಸರು ಒಪ್ಪಲಿಲ್ಲ. ಕಾಲಕ್ರಮದಲ್ಲಿ ಅವರ ಮಾತೇ ನಿಂತಿತು. 1953ರಲ್ಲಿ ಅವರಿಗೆ ನೊಬೆಲ್ ಪಾರಿತೋಷಕ ಸಂದಿತು.

ಸರಪಳಿಗಳು ಪರಸ್ಪರ ಸುತ್ತಿಕೊಂಡು ತೊಡಕಾಗಿರುವುದರಿಂದಲೇ ಪ್ಲಾಸ್ಟಿಕ್ಕಿಗೆ ಬಲ ಬರುತ್ತದೆ. ಕರಗಿದಾಗ ಅದು ನೀರಿನಂತೆ ಓಡದೆ ಕಾಕಂಬಿಯಂತೆ ನಿಧಾನವಾಗಿ ಚಲಿಸುವುದಕ್ಕೂ ಅದೇ ತೊಡಕು ಕಾರಣ. ಬಲ ಮತ್ತು ಹರಿವು ಎರಡೂ ಹೀಗೆ ಒಂದೇ ಬೇರಿನಿಂದ ಹುಟ್ಟಿದ ಗುಣಗಳು. ಒಂದನ್ನು ತಿದ್ದಲು ಹೊರಟರೆ ಇನ್ನೊಂದು ಕೆಡುವ ಸಂಭವ ಇಲ್ಲಿಯೇ ಅಡಗಿದೆ.

ಗುಣಗಳ ಪರೀಕ್ಷೆ

ಪ್ಲಾಸ್ಟಿಕ್ಕಿನ ಯಾಂತ್ರಿಕ ಗುಣಗಳನ್ನು ಅಳೆಯುವ ಪರೀಕ್ಷೆಗಳಲ್ಲಿ ಎರಡು ಮುಖ್ಯವಾದವು. ಮೊದಲನೆಯದು ಎಳೆತದ ಪರೀಕ್ಷೆ. ಪಟ್ಟಿಯ ಎರಡು ತುದಿಗಳನ್ನು ಯಂತ್ರದ ಹಿಡಿಗಳಲ್ಲಿ ಸಿಕ್ಕಿಸಿ ನಿಧಾನವಾಗಿ ಎಳೆಯುತ್ತಾರೆ. ಎಷ್ಟು ಬಲಕ್ಕೆ ಎಷ್ಟು ಹಿಗ್ಗಿತು, ಎಲ್ಲಿ ಹರಿಯಿತು ಎಂಬುದರಿಂದ ವಸ್ತುವಿನ ಬಿಗಿತ, ಬಲ, ಹಿಗ್ಗುವಿಕೆ ಮೂರೂ ತಿಳಿಯುತ್ತವೆ. ಎರಡನೆಯದು ಆಘಾತ ಪರೀಕ್ಷೆ. ಕಚ್ಚು ಹಾಕಿದ ತುಣುಕಿಗೆ ಲೋಲಕದ ಸುತ್ತಿಗೆಯಿಂದ ಹೊಡೆದು, ಮುರಿಯಲು ತಗುಲಿದ ಶಕ್ತಿಯನ್ನು ಲೆಕ್ಕ ಹಾಕುತ್ತಾರೆ. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಲೋಹಗಳಿಗಾಗಿ ರೂಪುಗೊಂಡ ಶಾರ್ಪಿ ಮತ್ತು ಐಜೋಡ್ ಪರೀಕ್ಷೆಗಳೇ ಪ್ಲಾಸ್ಟಿಕ್ಕಿಗೂ ಬಳಕೆಗೆ ಬಂದವು. ನಿಧಾನವಾಗಿ ಎಳೆದಾಗ ಗಟ್ಟಿಯೆನಿಸಿದ ವಸ್ತು ಒಮ್ಮೆಲೆ ಹೊಡೆದಾಗ ಗಾಜಿನಂತೆ ಚೂರಾಗಬಹುದು. ಆದ್ದರಿಂದ ಎರಡು ಪರೀಕ್ಷೆಗಳೂ ಅವಶ್ಯ.

ಹರಿವಿನ ಗುಣವನ್ನು ಅಳೆಯುವ ಸರಳ ಸಾಧನ ಹರಿವಿನ ಸೂಚ್ಯಂಕದ ಯಂತ್ರ. ಪಾಲಿಎಥಿಲೀನನ್ನು 190 ಡಿಗ್ರಿ ಸೆಲ್ಷಿಯಸ್ ತಾಪದ ಕೊಳವೆಯಲ್ಲಿ ಕರಗಿಸಿ, ಮೇಲೆ 2.16 ಕಿಲೋಗ್ರಾಂ ತೂಕವಿಟ್ಟು, ಸುಮಾರು 2.1 ಮಿಲಿಮೀಟರ್ ವ್ಯಾಸದ ರಂಧ್ರದಿಂದ ಹೊರಕ್ಕೆ ಒತ್ತುತ್ತಾರೆ. ಹತ್ತು ನಿಮಿಷಗಳಲ್ಲಿ ಎಷ್ಟು ಗ್ರಾಂ ಹೊರಬಂದಿತೋ ಅದೇ ಸೂಚ್ಯಂಕ. ಒರಳಿನಲ್ಲಿ ಚಕ್ಕುಲಿ ಒತ್ತುವುದನ್ನು ಕಂಡವರಿಗೆ ಈ ಯಂತ್ರ ಅಪರಿಚಿತವೆನಿಸದು. ಹಿಟ್ಟು ಬಿಗಿಯಾದರೆ ಎಳೆ ಹೊರಡದು. ತೆಳುವಾದರೆ ಎಳೆ ನಿಲ್ಲದು.

ಆದರೆ ಈ ಸೂಚ್ಯಂಕವು ಒಂದು ವೇಗದಲ್ಲಿ ನಡೆಯುವ ಹರಿವನ್ನು ಮಾತ್ರ ತಿಳಿಸುತ್ತದೆ. ನೀರಿನ ಸ್ನಿಗ್ಧತೆ ಮೆಲ್ಲಗೆ ಕಲಕಿದರೂ ವೇಗವಾಗಿ ಕಲಕಿದರೂ ಒಂದೇ. ಕರಗಿದ ಪ್ಲಾಸ್ಟಿಕ್ಕು ಹಾಗಲ್ಲ. ವೇಗ ಹೆಚ್ಚಿದಂತೆ ಸರಪಳಿಗಳು ಹರಿವಿನ ದಿಕ್ಕಿಗೆ ತಿರುಗಿ ತೊಡಕು ಸಡಿಲವಾಗುತ್ತದೆ, ಸ್ನಿಗ್ಧತೆ ಕುಗ್ಗುತ್ತದೆ. ಆದ್ದರಿಂದ ಸೂಚ್ಯಂಕ ಒಂದೇ ಆಗಿದ್ದರೂ ಎರಡು ಪ್ಲಾಸ್ಟಿಕ್ಕುಗಳು ಕಾರ್ಖಾನೆಯ ಯಂತ್ರದಲ್ಲಿ ತೀರ ಬೇರೆ ರೀತಿಯಾಗಿ ವರ್ತಿಸಬಹುದು.

ಏಕೆ ಬೆರೆಯವು?

ಬಿಡಿ ಮಲ್ಲಿಗೆಯನ್ನೂ ಬಿಡಿ ಕನಕಾಂಬರವನ್ನೂ ಒಂದು ಬುಟ್ಟಿಯಲ್ಲಿ ಹಾಕಿ ಕುಲುಕಿದರೆ ಎರಡೂ ಸುಲಭವಾಗಿ ಬೆರೆಯುತ್ತವೆ. ಹೂಗಳು ಒಂದಕ್ಕೊಂದು ಅಕ್ಕಪಕ್ಕ ನಿಲ್ಲಬಹುದಾದ ವಿನ್ಯಾಸಗಳು ಲೆಕ್ಕವಿಲ್ಲದಷ್ಟಿವೆ. ಆದರೆ ಅವೇ ಹೂಗಳನ್ನು ಮೊದಲೇ ಉದ್ದುದ್ದ ಮಾಲೆಗಳಾಗಿ ಕಟ್ಟಿ ಅನಂತರ ಕುಲುಕಿದರೆ? ಪ್ರತಿ ಹೂವೂ ತನ್ನ ನೆರೆಹೊರೆಗೆ ಕಟ್ಟುಬಿದ್ದಿರುವುದರಿಂದ ಸ್ವತಂತ್ರವಾಗಿ ಚದುರುವ ಅವಕಾಶ ಅದಕ್ಕಿಲ್ಲ. ಪಾಲಿಮರುಗಳ ಸ್ಥಿತಿಯೂ ಇದೇ. ಚಿಕ್ಕ ಅಣುಗಳ ದ್ರವಗಳನ್ನು ಬೆರೆಯಲು ಪ್ರೇರಿಸುವ ಮುಖ್ಯ ಶಕ್ತಿಯೆಂದರೆ ಬೆರೆತಾಗ ಹೆಚ್ಚುವ ಅಸ್ತವ್ಯಸ್ತತೆ. ಉಷ್ಣಚಲನ ಶಾಸ್ತ್ರದಲ್ಲಿ ಇದಕ್ಕೆ ಎಂಟ್ರೋಪಿ ಎಂದು ಹೆಸರು. ಸಾವಿರ ಘಟಕಗಳು ಒಂದೇ ಸರಪಳಿಯಲ್ಲಿ ಕಟ್ಟುಬಿದ್ದಾಗ ಈ ಲಾಭವೂ ಸಾವಿರದಲ್ಲೊಂದು ಪಾಲಿಗೆ ಇಳಿಯುತ್ತದೆ. ಆಗ ಎರಡು ಬಗೆಯ ಘಟಕಗಳ ನಡುವೆ ಅತ್ಯಲ್ಪವಾದ ವೈಮನಸ್ಯವಿದ್ದರೂ ಅದೇ ಗೆಲ್ಲುತ್ತದೆ. ಪಾಲ್ ಫ್ಲೋರಿ ಮತ್ತು ಮಾರಿಸ್ ಹಗಿನ್ಸ್ ಎಂಬ ಅಮೆರಿಕದ ವಿಜ್ಞಾನಿಗಳು 1940ರ ದಶಕದ ಆರಂಭದಲ್ಲಿ ಬೇರೆಬೇರೆಯಾಗಿ ಈ ಲೆಕ್ಕಾಚಾರವನ್ನು ರೂಪಿಸಿದರು. ಫ್ಲೋರಿಯವರಿಗೆ 1974ರಲ್ಲಿ ನೊಬೆಲ್ ಪಾರಿತೋಷಕ ದೊರೆಯಿತು.

ಪಾಲಿಎಥಿಲೀನ್ ಮತ್ತು ಪಾಲಿಪ್ರೊಪಿಲೀನ್ ಎರಡೂ ಇಂಗಾಲ ಮತ್ತು ಜಲಜನಕಗಳಿಂದಲೇ ಆದವು, ಹತ್ತಿರದ ಬಂಧುಗಳು. ಆದರೂ ಅವು ಬೆರೆಯವು. ಕರಗಿಸಿ ಕಲಸಿದರೆ ಒಂದು ಇನ್ನೊಂದರೊಳಗೆ ಸಣ್ಣ ಹನಿಗಳಾಗಿ ನಿಂತು ಹಾಗೆಯೇ ಹೆಪ್ಪುಗಟ್ಟುತ್ತದೆ. ಹನಿಗೂ ಸುತ್ತಲಿನ ವಸ್ತುವಿಗೂ ನಡುವಣ ಗಡಿಯಲ್ಲಿ ಸರಪಳಿಗಳು ಪರಸ್ಪರ ಹೆಣೆದುಕೊಳ್ಳುವುದಿಲ್ಲ. ಎಳೆದಾಗ ಬಿರುಕು ಮೊದಲು ಹುಟ್ಟುವುದು ಆ ಗಡಿಯಲ್ಲಿಯೇ. ಇಂಥ ಮಿಶ್ರಣದ ಬಿಗಿತವು ಸಾಮಾನ್ಯವಾಗಿ ಎರಡು ಘಟಕಗಳ ನಡುವಣ ಮಟ್ಟದಲ್ಲಿಯೇ ಇರುತ್ತದೆ. ಕೈಯಿಂದ ಒತ್ತಿ ನೋಡಿದವನಿಗೆ ದೋಷ ಕಾಣದು. ಆದರೆ ಹಿಗ್ಗುವ ಗುಣ ಮತ್ತು ಆಘಾತ ತಾಳುವ ಗುಣ ತೀವ್ರವಾಗಿ ಕುಸಿದಿರುತ್ತವೆ. ಮೇಲ್ನೋಟಕ್ಕೆ ಗಟ್ಟಿಯಾದ ಬಕೆಟ್ಟು ಕೈಜಾರಿ ಬಿದ್ದ ದಿನ ಒಡೆದು ಹೋಗುವುದು ಹೀಗೆ.

ಅಪವಾದಗಳೂ ಇಲ್ಲದಿಲ್ಲ. ಪಾಲಿಫಿನೈಲೀನ್ ಆಕ್ಸೈಡ್ ಎಂಬ ಪ್ಲಾಸ್ಟಿಕ್ಕು ಸುಮಾರು 210 ಡಿಗ್ರಿಯವರೆಗೆ ಮೆತ್ತಗಾಗದು. ಅದನ್ನು ಅಚ್ಚಿಗೆ ಇಳಿಸಲು ಬೇಕಾಗುವ ತಾಪದಲ್ಲಿ ಅದು ಕೆಡತೊಡಗುತ್ತದೆ. ಪಾಲಿಸ್ಟೈರೀನು ಸುಮಾರು 100 ಡಿಗ್ರಿಗೇ ಮೆದುವಾಗುತ್ತದೆ, ಸುಲಭವಾಗಿ ಹರಿಯುತ್ತದೆ. ಇವೆರಡರ ಘಟಕಗಳ ನಡುವೆ ಆಕರ್ಷಣೆಯಿರುವುದರಿಂದ ಯಾವ ಪ್ರಮಾಣದಲ್ಲಿ ಕೂಡಿಸಿದರೂ ಅಣುಮಟ್ಟದಲ್ಲಿ ಬೆರೆತು ಒಂದೇ ವಸ್ತುವಾಗುತ್ತವೆ. ಪಾಲಿಸ್ಟೈರೀನಿನ ಪ್ರಮಾಣವನ್ನು ಹೆಚ್ಚುಕಡಿಮೆ ಮಾಡಿ ಮೆದುವಾಗುವ ತಾಪವನ್ನು 100 ಮತ್ತು 210 ಡಿಗ್ರಿಗಳ ನಡುವೆ ಬೇಕಾದಲ್ಲಿ ನಿಲ್ಲಿಸಬಹುದು. ಅಮೆರಿಕದ ಜನರಲ್ ಎಲೆಕ್ಟ್ರಿಕ್ ಸಂಸ್ಥೆಯು 1966ರಲ್ಲಿ ನೋರಿಲ್ ಎಂಬ ಹೆಸರಿನಿಂದ ಇಂಥ ಮಿಶ್ರಣವನ್ನು ಮಾರುಕಟ್ಟೆಗೆ ತಂದಿತು. ಒಂಟಿಯಾಗಿ ಅಚ್ಚಿಗೆ ಇಳಿಯದ ವಸ್ತುವನ್ನು ಹರಿವಿನ ಗುಣವುಳ್ಳ ಜೊತೆಗಾರನು ಉಪಯೋಗಕ್ಕೆ ತಂದ ಉದಾಹರಣೆಯಿದು.

ಬೆರೆಯದಿರುವುದೂ ಒಂದು ಗುಣ

ಆದರೆ ಪೂರ್ಣವಾಗಿ ಬೆರೆಯುವುದೇ ಯಾವಾಗಲೂ ಶ್ರೇಷ್ಠವೆಂದು ಭಾವಿಸಬಾರದು. ಶುದ್ಧ ಪಾಲಿಸ್ಟೈರೀನು ಪಾರದರ್ಶಕ, ಗಡುಸು, ಅಗ್ಗ. ಆದರೆ ಶೇಕಡ 2ರ ಆಸುಪಾಸು ಹಿಗ್ಗುವುದರೊಳಗಾಗಿ ತಟ್ಟನೆ ಮುರಿಯುತ್ತದೆ. ಇದಕ್ಕೆ ರಬ್ಬರು ಸೇರಿಸಿ ಗಟ್ಟಿಮುಟ್ಟು ಮಾಡಬೇಕೆಂಬ ಯೋಚನೆ ಹಳೆಯದು. ಆಸ್ಟ್ರೊಮಿಸ್ಲೆನ್ಸ್ಕಿ ಎಂಬ ರಸಾಯನವಿಜ್ಞಾನಿ ಸ್ಟೈರೀನ್ ದ್ರವದಲ್ಲಿ ರಬ್ಬರನ್ನು ಕರಗಿಸಿ ಪಾಲಿಮರಾಗಿಸುವ ವಿಧಾನಕ್ಕೆ 1927ರಲ್ಲಿ ಅಮೆರಿಕದ ಪೇಟೆಂಟ್ ಪಡೆದರು. ಆದರೆ ಆ ವಿಧಾನದಲ್ಲಿ ರಬ್ಬರು ಎಲ್ಲೆಡೆ ಬಲೆಯಂತೆ ಹರಡಿ ನಿಂತು, ದೊರೆತ ವಸ್ತು ಅಚ್ಚಿನಲ್ಲಿ ಹರಿಯಲು ಒಪ್ಪಲಿಲ್ಲ. ಮುಂದೆ ಡೌ ಸಂಸ್ಥೆಯ ತಜ್ಞರು ಅದೇ ಸಾಮಗ್ರಿಗಳನ್ನೇ ತೆಗೆದುಕೊಂಡು, ಪಾಲಿಮರಾಗುವ ಹೊತ್ತಿನಲ್ಲಿ ಬಲವಾಗಿ ಕಲಕುತ್ತಾ ಹೋದರು. ಬಲೆಯು ಮುರಿದು ರಬ್ಬರು ಕೆಲವೇ ಮೈಕ್ರೋಮೀಟರ್ ಗಾತ್ರದ ಗುಂಡುಕಣಗಳಾಗಿ ಚದುರಿತು. ಕಲಕಿದ್ದೊಂದೇ ವ್ಯತ್ಯಾಸ, ಫಲಿತಾಂಶ ಮಾತ್ರ ಬೇರೆಯಾಯಿತು. ಶೀತಕ ಪೆಟ್ಟಿಗೆಗಳ ಒಳಮೈಗೆ ಇಂದಿಗೂ ಬಳಕೆಯಾಗುವ ಆಘಾತಸಹ ಪಾಲಿಸ್ಟೈರೀನ್ ಹುಟ್ಟಿದ್ದು ಹೀಗೆ.

ರಬ್ಬರಿನ ಕಣಗಳು ಮಾಡುವ ಕೆಲಸ ವಿಚಿತ್ರವಾದುದು. ಅವು ಬಿರುಕನ್ನು ತಡೆಯುವುದಷ್ಟೇ ಅಲ್ಲ, ಬಿರುಕನ್ನು ಹುಟ್ಟಿಸುತ್ತವೆ. ಹೊಡೆತ ಬಿದ್ದಾಗ ಪ್ರತಿ ಕಣದ ಸುತ್ತಲೂ ಅತಿ ಸೂಕ್ಷ್ಮವಾದ ಸೀಳುಗಳು ಏಳುತ್ತವೆ. ಅವುಗಳ ಎರಡು ದಡಗಳನ್ನು ಪಾಲಿಮರಿನ ನವುರಾದ ಎಳೆಗಳು ಹಿಡಿದುಕೊಂಡಿರುತ್ತವೆ. ಮುಂದೆ ಸಾಗಿದ ಸೀಳು ಇನ್ನೊಂದು ಕಣಕ್ಕೆ ತಾಗಿ ನಿಲ್ಲುತ್ತದೆ. ಕೆರೆಯ ನೀರೆಲ್ಲ ಒಂದೇ ಕಡೆಗೆ ನುಗ್ಗಿದರೆ ಏರಿ ಒಡೆಯುತ್ತದೆ. ನೂರು ಕಾಲುವೆಗಳಲ್ಲಿ ಹಂಚಿಹೋದರೆ ಏರಿ ಉಳಿಯುತ್ತದೆ. ಹಾಗೆಯೇ ಒಂದು ದೊಡ್ಡ ಬಿರುಕಿನಲ್ಲಿ ವ್ಯಯವಾಗಬೇಕಾದ ಶಕ್ತಿ ಲಕ್ಷಾಂತರ ಕಿರುಸೀಳುಗಳಲ್ಲಿ ಹಂಚಿಹೋಗುತ್ತದೆ. ಇಂಥ ಪ್ಲಾಸ್ಟಿಕ್ಕನ್ನು ಬಗ್ಗಿಸಿದಾಗ ಮಡಿಕೆಯಲ್ಲಿ ಕಾಣುವ ಬಿಳಿಯ ಗೆರೆ ಈ ಕಿರುಸೀಳುಗಳ ಗುರುತೇ ಆಗಿದೆ. ಲಾಭಕ್ಕೆ ಬೆಲೆಯೂ ಇದೆ. ಪಾರದರ್ಶಕತೆ ಹೋಗುತ್ತದೆ, ಬಿಗಿತವೂ ಎಳೆತದ ಬಲವೂ ತಗ್ಗುತ್ತವೆ. ಆದರೆ ಹಿಗ್ಗುವಿಕೆ ಶೇಕಡ ಹತ್ತಾರಕ್ಕೆ ಏರುತ್ತದೆ.

ಹರಿವು ಬರೆದ ಹಣೆಬರಹ

ಬೆರೆಯದ ಮಿಶ್ರಣದ ಬಲವು ಹನಿಗಳ ಗಾತ್ರವನ್ನು ಅವಲಂಬಿಸಿದೆ ಎಂದಾಯಿತು. ಆ ಗಾತ್ರವನ್ನು ನಿರ್ಧರಿಸುವುದು ಯಾವುದು? ಕರಗಿದ ಸ್ಥಿತಿಯ ಹರಿವು. ಇಂಗ್ಲೆಂಡಿನ ಕೇಂಬ್ರಿಜ್‌ನಲ್ಲಿದ್ದ ಜಿ. ಐ. ಟೇಲರ್ ಅವರು 1932 ಮತ್ತು 1934ರ ಪ್ರಬಂಧಗಳಲ್ಲಿ, ಒಂದು ದ್ರವದೊಳಗೆ ತೇಲುವ ಇನ್ನೊಂದು ದ್ರವದ ಹನಿಯು ಹರಿವಿನಲ್ಲಿ ಹೇಗೆ ಉದ್ದವಾಗಿ ತುಂಡಾಗುತ್ತದೆ ಎಂಬುದನ್ನು ವಿವರಿಸಿದರು. ಸುತ್ತಲಿನ ದ್ರವದ ಸ್ನಿಗ್ಧತೆ ಹನಿಯನ್ನು ಹರಿಯಲು ಎಳೆಯುತ್ತದೆ. ಗಡಿಯ ಮೇಲ್ಮೈ ಎಳೆತ ಅದನ್ನು ಗುಂಡಾಗಿಯೇ ಹಿಡಿದಿಡುತ್ತದೆ. ಇವೆರಡರ ಹೋರಾಟದಲ್ಲಿ ಹನಿಯ ಗಾತ್ರ ತೀರ್ಮಾನವಾಗುತ್ತದೆ.

ಇಲ್ಲಿ ಎರಡು ದ್ರವಗಳ ಸ್ನಿಗ್ಧತೆಯ ಅನುಪಾತ ಬಹು ಮುಖ್ಯ. ರಾಗಿಯ ಹಿಟ್ಟು ತೆಳು ಗಂಜಿಯಲ್ಲಿ ಗಂಟು ಕಟ್ಟಿತೆಂದರೆ ಎಷ್ಟು ತಿರುವಿದರೂ ಗಂಟು ಒಡೆಯದು. ನೀರಿನೊಡನೆ ತಾನೂ ಸುತ್ತುತ್ತದೆ. ಅದೇ ಗಂಟು ಬಿಗಿಯಾದ ಮುದ್ದೆಯಲ್ಲಿ ಕೋಲಿನ ತಿರುವಿಗೆ ನುಚ್ಚಾಗುತ್ತದೆ. ಕರಗಿದ ಪ್ಲಾಸ್ಟಿಕ್ಕುಗಳಲ್ಲಿಯೂ ಹೀಗೆಯೇ. ಹನಿಯ ಸ್ನಿಗ್ಧತೆಯು ಸುತ್ತಲಿನದಕ್ಕಿಂತ ಸುಮಾರು ನಾಲ್ಕು ಪಟ್ಟು ಮೀರಿದರೆ, ಪದರದ ಮೇಲೆ ಪದರ ಜಾರುವ ಸಾಮಾನ್ಯ ಹರಿವಿನಲ್ಲಿ ಅದು ಸುತ್ತುತ್ತದೆಯೇ ಹೊರತು ತುಂಡಾಗುವುದಿಲ್ಲ. ಎರಡರ ಸ್ನಿಗ್ಧತೆ ಹತ್ತಿರವಾದಷ್ಟೂ ಹನಿ ಸಣ್ಣದಾಗುವುದು ಸುಲಭ. ಯಂತ್ರದ ತಾಪ, ತಿರುಪಿನ ವೇಗ, ಘಟಕಗಳ ಆಯ್ಕೆ ಎಲ್ಲವನ್ನೂ ತಜ್ಞರು ಈ ಅನುಪಾತವನ್ನು ಮನಸ್ಸಿನಲ್ಲಿಟ್ಟುಕೊಂಡು ಹೊಂದಿಸುತ್ತಾರೆ.

ಹನಿಗಳನ್ನು ಸಣ್ಣದು ಮಾಡಿದ ಮಾತ್ರಕ್ಕೆ ಕೆಲಸ ಮುಗಿಯದು. ಕರಗಿದ ಮಿಶ್ರಣವನ್ನು ಸುಮ್ಮನೆ ಇರಗೊಟ್ಟರೆ ಹನಿಗಳು ಮತ್ತೆ ಕೂಡಿ ದೊಡ್ಡವಾಗುತ್ತವೆ. ಇದನ್ನು ತಡೆಯಲು ಸಂಧಾನಕಾರಕಗಳನ್ನು ಸೇರಿಸುತ್ತಾರೆ. ಇವುಗಳ ಅಣುವಿನ ಒಂದು ಭಾಗ ಒಂದು ಪ್ಲಾಸ್ಟಿಕ್ಕಿಗೆ ಒಗ್ಗುವಂಥದು, ಇನ್ನೊಂದು ಭಾಗ ಮತ್ತೊಂದಕ್ಕೆ ಒಗ್ಗುವಂಥದು. ಗಡಿಯಲ್ಲಿ ನಿಂತು ಎರಡೂ ಕಡೆಯವರನ್ನು ಕೈಹಿಡಿಸುವ ಮಧ್ಯಸ್ಥರಂತೆ ಇವು ಕೆಲಸ ಮಾಡುತ್ತವೆ. ನೈಲಾನಿಗೆ ಸಾಮಾನ್ಯ ರಬ್ಬರು ಅಂಟದು; ಮೇಲಿಯಿಕ್ ಅನ್‌ಹೈಡ್ರೈಡ್ ಕಸಿಮಾಡಿದ ರಬ್ಬರಾದರೆ ನೈಲಾನಿನ ಸರಪಳಿಯ ತುದಿಯೊಡನೆ ರಾಸಾಯನಿಕವಾಗಿಯೇ ಕೂಡಿಕೊಳ್ಳುತ್ತದೆ. ಇಂಥ ನೈಲಾನಿನಲ್ಲಿ ರಬ್ಬರಿನ ಕಣಗಳ ನಡುವಣ ಅಂತರ ಸುಮಾರು 0.3 ಮೈಕ್ರೋಮೀಟರಿಗಿಂತ ಕಡಿಮೆಯಾದಾಗ ಪೆಡಸು ವಸ್ತುವು ಒಮ್ಮೆಲೆ ಗಟ್ಟಿಮುಟ್ಟಾಗುತ್ತದೆಂದು ಸೌಹೆಂಗ್ ವೂ ಎಂಬ ವಿಜ್ಞಾನಿ 1985ರಲ್ಲಿ ತೋರಿಸಿದರು.

ಹಾಲಿನ ಚೀಲದ ಪಾಠ

ಪ್ರತಿದಿನ ಬೆಳಗ್ಗೆ ಮನೆಬಾಗಿಲಿಗೆ ಬರುವ ಹಾಲಿನ ಚೀಲವೂ ಮಿಶ್ರಣವೇ. ಪಾಲಿಎಥಿಲೀನನ್ನು ಇಂಗ್ಲೆಂಡಿನ ಐ.ಸಿ.ಐ. ಸಂಸ್ಥೆಯ ಪ್ರಯೋಗಶಾಲೆಯಲ್ಲಿ 1933ರಲ್ಲಿ ಕಂಡುಹಿಡಿಯಲಾಯಿತು. ಅಧಿಕ ಒತ್ತಡದಲ್ಲಿ ತಯಾರಾಗುವ ಈ ಕಡಿಮೆ ಸಾಂದ್ರತೆಯ ಬಗೆಯಲ್ಲಿ ಸರಪಳಿಗಳಿಗೆ ಉದ್ದವಾದ ಕೊಂಬೆಗಳಿರುತ್ತವೆ. ಕರಗಿಸಿ ಗಾಳಿತುಂಬಿ ಗುಳ್ಳೆಯಂತೆ ಊದಿದಾಗ ಕೊಂಬೆಗಳು ಒಂದಕ್ಕೊಂದು ಸಿಕ್ಕಿಕೊಂಡು, ಹಿಗ್ಗಿದಷ್ಟೂ ಬಿಗಿಯಾಗುತ್ತವೆ. ಗುಳ್ಳೆ ಅಲುಗಾಡದೆ ನಿಲ್ಲುತ್ತದೆ. ಆದರೆ ತಣಿದ ಹಾಳೆ ಚೂಪಾದ ವಸ್ತು ತಗುಲಿದರೆ ಬೇಗ ತೂತಾಗುತ್ತದೆ. 1970ರ ದಶಕದ ಕೊನೆಯಲ್ಲಿ ವ್ಯಾಪಕವಾಗಿ ಪ್ರಚಾರಕ್ಕೆ ಬಂದ ರೇಖೀಯ ಬಗೆಯಲ್ಲಿ ಚಿಕ್ಕ ಕೊಂಬೆಗಳು ಮಾತ್ರ ಇವೆ. ಇದರ ಹಾಳೆ ತೂತಿಗೂ ಹರಿತಕ್ಕೂ ಚೆನ್ನಾಗಿ ತಡೆಯೊಡ್ಡುತ್ತದೆ, ಬೆಸುಗೆಯೂ ಗಟ್ಟಿ. ಆದರೆ ಕರಗಿದಾಗ ವೇಗದ ಹರಿವಿನಲ್ಲಿ ಇದರ ಸ್ನಿಗ್ಧತೆ ಸಾಕಷ್ಟು ಇಳಿಯದು; ಯಂತ್ರಕ್ಕೆ ಹೆಚ್ಚು ಶಕ್ತಿ ಬೇಕು, ಹಾಳೆಯ ಮೈ ಒರಟಾಗುವ ಭಯವುಂಟು, ಗುಳ್ಳೆ ತೂಗಾಡುತ್ತದೆ.

ಎರಡನ್ನೂ ಬೆರೆಸಿದಾಗ ಒಂದು ಹರಿವಿನಲ್ಲಿ ನೆರವಾಗುತ್ತದೆ, ಇನ್ನೊಂದು ಬಲದಲ್ಲಿ ನೆರವಾಗುತ್ತದೆ. ಸುಮಾರು 50 ಮೈಕ್ರೋಮೀಟರ್ ದಪ್ಪದ ಹಾಳೆ ಅರ್ಧ ಲೀಟರ್ ಹಾಲನ್ನು ಹೊತ್ತು, ಬುಟ್ಟಿಯಿಂದ ಬುಟ್ಟಿಗೆ ಬಿದ್ದು, ಹಳ್ಳಿಯ ದಾರಿಯ ಕುಲುಕಾಟವನ್ನೂ ತಡೆದು, ಸೋರದೆ ಮನೆ ಸೇರುವುದು ಈ ಸಹಕಾರದಿಂದ.

ಬೇರ್ಪಡಿಸುವವನ ವಿಜ್ಞಾನ

ಈ ವಿಷಯಗಳೆಲ್ಲ ಕಾರ್ಖಾನೆಗೆ ಮಾತ್ರ ಸಂಬಂಧಿಸಿದವೆಂದು ತಿಳಿಯಬಾರದು. 2017ರಲ್ಲಿ ಪ್ರಕಟವಾದ ಒಂದು ಅಧ್ಯಯನದ ಪ್ರಕಾರ, 2015ರ ವರೆಗೆ ಜಗತ್ತು ಸುಮಾರು 830 ಕೋಟಿ ಟನ್ ಪ್ಲಾಸ್ಟಿಕ್ಕನ್ನು ತಯಾರಿಸಿತ್ತು. ತ್ಯಾಜ್ಯವಾದ ಸುಮಾರು 630 ಕೋಟಿ ಟನ್ನಿನಲ್ಲಿ ಮರುಬಳಕೆಗೆ ಬಂದುದು ಶೇಕಡ 9ರಷ್ಟು ಮಾತ್ರ. ಶೇಕಡ 79ರಷ್ಟು ಕಸದ ಗುಂಡಿಗಳಲ್ಲಿಯೋ ನೆಲಜಲಗಳಲ್ಲಿಯೋ ಉಳಿಯಿತು. ಲೋಹದ ಚೂರುಗಳಂತೆ ಎಲ್ಲ ಪ್ಲಾಸ್ಟಿಕ್ಕನ್ನೂ ಒಟ್ಟಿಗೆ ಕರಗಿಸಿ ಹೊಸ ವಸ್ತು ಮಾಡಬಾರದೇಕೆ ಎಂಬ ಪ್ರಶ್ನೆಗೆ ಉತ್ತರ ಮೇಲೆಯೇ ಬಂದಿದೆ. ಬೆರೆಯದ ಸರಪಳಿಗಳು ಗಡಿಗಡಿಯಲ್ಲಿ ಕೈಬಿಡುತ್ತವೆ. ಇನ್ನೂ ಕಠಿಣವಾದ ತೊಡಕುಗಳಿವೆ. ನೀರಿನ ಸೀಸೆಗಳ ಪೆಟ್ ಪ್ಲಾಸ್ಟಿಕ್ಕು ಕರಗುವುದು ಸುಮಾರು 250 ಡಿಗ್ರಿಯಲ್ಲಿ. ಆ ತಾಪಕ್ಕೆ ಮುಂಚೆಯೇ ಪಿ.ವಿ.ಸಿ. ಕೆಟ್ಟು ಹೈಡ್ರೊಕ್ಲೋರಿಕ್ ಆಮ್ಲದ ಅನಿಲವನ್ನು ಬಿಡುತ್ತದೆ. ಪೆಟ್ ರಾಶಿಯಲ್ಲಿ ಸೇರಿದ ಅಲ್ಪಸ್ವಲ್ಪ ಪಿ.ವಿ.ಸಿ.ಯೂ ಇಡೀ ರಾಶಿಯ ಸರಪಳಿಗಳನ್ನು ತುಂಡರಿಸಿ ಬಣ್ಣಗೆಡಿಸಬಲ್ಲದು.

ಆಶಾದಾಯಕ ಪ್ರಯತ್ನಗಳು ಇಲ್ಲದಿಲ್ಲ. 2017ರಲ್ಲಿ ಅಮೆರಿಕದ ಕಾರ್ನೆಲ್ ಮತ್ತು ಮಿನ್ನೆಸೋಟ ವಿಶ್ವವಿದ್ಯಾಲಯಗಳ ಸಂಶೋಧಕರು, ಪಾಲಿಎಥಿಲೀನ್ ಮತ್ತು ಪಾಲಿಪ್ರೊಪಿಲೀನ್ ತುಂಡುಗಳನ್ನು ಒಂದೇ ಸರಪಳಿಯಲ್ಲಿ ಸರದಿಯಾಗಿ ಪೋಣಿಸಿದ ಸಂಧಾನಕಾರಕವನ್ನು ರೂಪಿಸಿದರು. ಅದನ್ನು ಶೇಕಡ 5ರಷ್ಟು ಸೇರಿಸಿದಾಗ, ಬೆರೆಯದ ಆ ಎರಡು ಬಂಧುಗಳ ಪೆಡಸು ಮಿಶ್ರಣವು ಚೆನ್ನಾಗಿ ಹಿಗ್ಗುವ ಗಟ್ಟಿ ವಸ್ತುವಾಯಿತು. ಆದರೆ ಇಂಥ ಸಂಧಾನಕಾರಕಗಳು ನಿರ್ದಿಷ್ಟ ಜೋಡಿಗೆ ಮಾತ್ರ ಒಗ್ಗುವಂಥವು. ಎಲ್ಲ ಬಗೆಯ ಕಸಕ್ಕೂ ಒಂದೇ ಮದ್ದೆಂಬುದಿಲ್ಲ.

ಆದ್ದರಿಂದ ಮೊದಲ ಮದ್ದು ಬೇರ್ಪಡಿಸುವುದೇ. ಪ್ಲಾಸ್ಟಿಕ್ ವಸ್ತುಗಳ ತಳದಲ್ಲಿ ತ್ರಿಕೋನದೊಳಗೆ 1ರಿಂದ 7ರವರೆಗಿನ ಅಂಕೆಯಿರುವುದನ್ನು ಅನೇಕರು ಕಂಡಿರಬಹುದು. 1988ರಲ್ಲಿ ಅಮೆರಿಕದಲ್ಲಿ ಆರಂಭವಾದ ಈ ಪದ್ಧತಿಯಲ್ಲಿ 1 ಎಂದರೆ ಪೆಟ್, 2 ಅಧಿಕ ಸಾಂದ್ರತೆಯ ಪಾಲಿಎಥಿಲೀನ್, 3 ಪಿ.ವಿ.ಸಿ., 4 ಕಡಿಮೆ ಸಾಂದ್ರತೆಯ ಪಾಲಿಎಥಿಲೀನ್, 5 ಪಾಲಿಪ್ರೊಪಿಲೀನ್, 6 ಪಾಲಿಸ್ಟೈರೀನ್, 7 ಇತರೆ. ನೀರಿನ ತೊಟ್ಟಿಯೂ ಒಂದು ಪರೀಕ್ಷೆ. ಬಣ್ಣ, ಪುಡಿ ಮುಂತಾದುವನ್ನು ಸೇರಿಸದ ಪಾಲಿಎಥಿಲೀನ್ ಮತ್ತು ಪಾಲಿಪ್ರೊಪಿಲೀನ್ ತೇಲುತ್ತವೆ. ಪೆಟ್ ಮತ್ತು ಪಿ.ವಿ.ಸಿ. ಮುಳುಗುತ್ತವೆ.

ನಗರಗಳ ಬೀದಿಗಳಲ್ಲಿ ಚೀಲ ಹೊತ್ತು, ಹಾಲಿನ ಚೀಲವನ್ನು ಒಂದು ಕಡೆ, ಸೀಸೆಯನ್ನು ಇನ್ನೊಂದು ಕಡೆ ವಿಂಗಡಿಸುವ ಬಡವನನ್ನು ಸಮಾಜ ಕಡೆಗಣ್ಣಿನಿಂದ ನೋಡುತ್ತದೆ. ಕೈಯಲ್ಲಿ ಹಿಚುಕಿ, ಬಗ್ಗಿಸಿ, ಸದ್ದು ಕೇಳಿ ಅವನು ಮಾಡುವ ವಿಂಗಡಣೆಯು ಫ್ಲೋರಿಯವರ ಸಮೀಕರಣ ಕೇಳುವ ವಿಂಗಡಣೆಯೇ ಆಗಿದೆ. ಅವನ ಶ್ರಮವಿಲ್ಲದಿದ್ದರೆ ಮರುಬಳಕೆಯ ಯಂತ್ರಕ್ಕೆ ತಕ್ಕ ಕಚ್ಚಾವಸ್ತುವೇ ಇರದು. ಹಾಲಿನ ಚೀಲವನ್ನು ತೊಳೆದು, ಕತ್ತರಿಸಿದ ಮೂಲೆಯನ್ನು ಬಿಸಾಡದೆ, ಬೇರೆಯಾಗಿ ಕೂಡಿಟ್ಟು ಕೊಡುವ ಮನೆಯವರು ಆ ಶ್ರಮದ ಅರ್ಧಭಾರವನ್ನು ಇಳಿಸಿದಂತೆ. ಇದಕ್ಕೆ ದೊಡ್ಡ ಪ್ರಯೋಗಶಾಲೆ ಬೇಡ; ಎರಡು ಬುಟ್ಟಿಗಳು ಸಾಕು.

ಯಾವುದನ್ನು ಯಾವುದರೊಡನೆ ಎಷ್ಟು ಬೆರೆಸಬೇಕು, ಯಾವುದನ್ನು ಬೇರೆಯಾಗಿಯೇ ಇಡಬೇಕು ಎಂಬ ವಿವೇಚನೆಯೇ ಈ ಶಾಸ್ತ್ರದ ತಿರುಳು. ರಸಾಯನ, ಭೌತ ಮತ್ತು ಯಂತ್ರಶಾಸ್ತ್ರಗಳು ಮೂರೂ ಕೂಡುವ ಈ ಕ್ಷೇತ್ರದಲ್ಲಿ ಬಗೆಹರಿಯದ ಸಮಸ್ಯೆಗಳು ಇನ್ನೂ ಬೇಕಾದಷ್ಟಿವೆ. ಇಂದು ಶಾಲೆಯ ಬೆಂಚಿನ ಮೇಲೆ ಕುಳಿತಿರುವ ವಿದ್ಯಾರ್ಥಿಗಳಲ್ಲಿ ಕೆಲವರಾದರೂ ನಾಳೆ ಅವುಗಳಿಗೆ ಕೈಹಚ್ಚಿದರೆ, ಕಸವೆಂದು ಬಿಸುಟ ರಾಶಿಯು ನಾಡಿನ ಸಂಪತ್ತಾಗಿ ಮಾರ್ಪಡುವುದರಲ್ಲಿ ಸಂದೇಹವಿಲ್ಲ.